ಮುರಿಯದ ಚಾನೆಲ್, ಬಿದ್ದ ಮುರಳಿ

ದಿಬ್ಬೂರಹಳ್ಳಿಯ ಮುನಿಗಂಗಪ್ಪನವರು ರೇಷ್ಮೆಹುಳು ಸಾಕಲು ಕಟ್ಟಿಸಿದ ಹೊಸ ಶೆಡ್ಡಿಗೆ ಪೂಜೆಯಾದ ಬೆಳಗ್ಗೆ, ಅದನ್ನು ಕಟ್ಟಿದ ಮುರಳಿಮೋಹನ್ ನೆಂಟರಿಷ್ಟರೆದುರು ಚಾವಣಿಗೆ ಅಡ್ಡಲಾಗಿ ಹಾಕಿದ್ದ ಉಕ್ಕಿನ ಚಾನೆಲ್ ಹಿಡಿದು ಜೋತುಬಿದ್ದ. ಅದರ ಗಟ್ಟಿತನ ತೋರಿಸಬೇಕಿತ್ತು. ಚಾನೆಲ್ಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಹೊರಳಿ, ಅವನನ್ನು ಕೆಳಗಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಸುರಿಯಿತು. ಮರುಕ್ಷಣ ತಾನು ನೆಟ್ಟಗಾಯಿತು, ಏನೂ ಅರಿಯದ ಸಾಧುವಿನಂತೆ.

"ಮುರೀಲಿಲ್ಲ, ನೋಡಿ!" ಎಂದ ಮುರಳಿ, ಸೊಪ್ಪಿನೊಳಗಿನಿಂದಲೇ.

"ಏಮಪ್ಪಾ, ಅದು ಮುರೀಲಿಲ್ಲ ಸರಿ. ನೀನು ಬಿದ್ಯಲ್ಲಪ್ಪ!" ಎಂದರು ಮುನಿಗಂಗಪ್ಪ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ನಮ್ಮ ಬೀದಿಯ ಮುರಳಿ ಜಿಲ್ಲೆಯ ಎಲ್ಲ ಚಾನೆಲ್‌ಗಳಲ್ಲೂ ಜೋತಾಡಿದ.

ಶಿಡ್ಲಘಟ್ಟದಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಹೆಚ್ಚು ಬಲದ ಉಕ್ಕಾದರೆ ತೆಳ್ಳನೆಯ ಚಾನೆಲ್ಲೇ ಸಾಕು ಎಂದು ನಂಬಿ, ಹೆಸರನ್ನೇ ಪಣಕ್ಕಿಟ್ಟು ಕಟ್ಟಿದ ಮೊದಲ ಶೆಡ್ಡು ಅದು. ನಂಬಿಕೆ ಸುಳ್ಳಲ್ಲ. ಆದರೆ ಬಲದ ಉಕ್ಕು ಬೇಗ ಮುರಿಯುವುದಿಲ್ಲವೇ ಹೊರತು, ಬಾಗದೆ ನಿಲ್ಲುವುದರಲ್ಲಿ ಸಾದಾ ಉಕ್ಕಿಗಿಂತ ದೊಡ್ಡಸ್ತಿಕೆಯೇನಿಲ್ಲ. ತೆಳ್ಳಗಾದಷ್ಟೂ ಹೊರಳಾಟ ಹೆಚ್ಚು. ಒಂದು ಕಡೆ ಬಾಯಿ ತೆರೆದ ಆಕಾರ ಬೇರೆ. ನಡುನಡುವೆ ಅಡ್ಡಪಟ್ಟಿ ಬಿಗಿದರಷ್ಟೇ ತೆಪ್ಪಗಿರುತ್ತದೆ. ರಾಹುಕಾಲಕ್ಕೆ ಮುಂಚೆ ಪೂಜೆ ಮುಗಿಯಲೆಂದು ಆ ಪಟ್ಟಿಗಳನ್ನೂ ಮೇಲಿನ ಶೀಟುಗಳನ್ನೂ ಮಧ್ಯಾಹ್ನಕ್ಕೆ ಉಳಿಸಿದ್ದ. ಅಡ್ಡಪಟ್ಟಿ ಬೀಳುವ ಮೊದಲೇ ತಾನು ಅಡ್ಡಬಿದ್ದ.

ಮಧ್ಯಾಹ್ನ ಎಲ್ಲ ಬಿಗಿದ. ಶೆಡ್ಡು ನಿಂತಿತು, ಅಂಗಡಿ ನಿಲ್ಲಲಿಲ್ಲ. ಚಿಂತಾಮಣಿ, ಗೌರಿಬಿದನೂರು ಎಂದು ಊರೂರು ತಿರುಗಿ ವಿವರಿಸಿದ. ಜನ ಅವನಿಗೇ ವಿಡಿಯೊ ತೋರಿಸಿದರು. ಕೊನೆಗೆ ಅಂಗಡಿಗೆ ಬೀಗ ಬಿತ್ತು.

"ಬಾಯ್ಮುಚ್ಕೊಂಡು ದಪ್ಪಂದೇ ಹಾಕ್ರೀ ಅಂದ್ರೆ ಕೇಳಿದ್ರಾ?" ಎಂದು ಹೆಂಡತಿ ಶೋಭಾರಾಣಿ ಅತ್ತಳು. ಈಗ ಅವನು ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ದಪ್ಪ ಚಾನೆಲ್ ಕೊಯ್ಯುತ್ತಾನೆ. ಮೊದಲೆಲ್ಲ ಸಿಕ್ಕವರೊಡನೆ ಜಗಳವಾದರೂ ಆಡುತ್ತಿದ್ದ. ಆಮೇಲೆ ಅದೂ ನಿಂತಿತು. ಯಾರಾದರೂ ನಕ್ಕರೆ ತಾನೂ ನಗುತ್ತಾನೆ. ಅದನ್ನು ನೋಡಲಾಗುವುದಿಲ್ಲ.

ಈ ಬೇಸಿಗೆಯ ಗಾಳಿಮಳೆಗೆ ದಿಬ್ಬೂರಹಳ್ಳಿಯಲ್ಲಿ ದಪ್ಪ ಕಬ್ಬಿಣದ ಶೆಡ್ಡುಗಳೇ ಶೀಟು ಹಾರಿಸಿಕೊಂಡವು. ಮುರಳಿಯದು ಅಲುಗಲಿಲ್ಲ. ನಾನು ಸುದ್ದಿ ಹೊತ್ತು ಅವನ ಹತ್ತಿರ ಓಡಿದೆ.

"ನಡಿಯೋ ಮುರಳಿ, ಅದರ ಕೆಳಗೆ ನಿಂತ್ಕೊಂಡು ನೀನೂ ಒಂದು ವಿಡಿಯೊ ಮಾಡ್ಸು. ಮತ್ತೆ ಅಂಗಡಿ ತೆಗಿಯೋಣ. ಬರ್ತೀಯ?"

ಅವನು ಕೈಯಲ್ಲಿದ್ದ ದಪ್ಪ ಚಾನೆಲನ್ನು ಮೆಲ್ಲಗೆ ಕೆಳಗಿಟ್ಟ.

"ಬೇಡಣ್ಣ. ಅದರ ಕೆಳಕ್ಕೆ ಹೋಗಕ್ಕೆ ನಂಗೇ ಭಯ."