ಗೊರಕೆಯ ಸಾಕ್ಷಿ

ಎಪ್ಪತ್ತೆರಡು ವರ್ಷ ಆಯಿತು, ಹಗಲು ಹೊತ್ತಿನಲ್ಲಿ ನನ್ನ ರೆಪ್ಪೆಗೆ ರೆಪ್ಪೆ ತಾಗಿಲ್ಲ. ಇನ್ನು ನನ್ನ ಅರ್ಜಿಗಳೋ, ನೇಸರಗಿಯಲ್ಲಿ ಕೂತು ಬರೆದರೆ ದಿಲ್ಲಿಯಲ್ಲಿ ಕುರ್ಚಿಗಳು ಎದ್ದು ನಿಲ್ಲುತ್ತವೆ! ಅದಕ್ಕೇ ನಮ್ಮ ಓಣಿಯ ಹಜರತಸಾಬ ನನ್ನ ಹತ್ತಿರ ಬಂದದ್ದು.

ಅವನು ಇಪ್ಪತ್ತು ವರ್ಷದಿಂದ ಕಬ್ಬಿನ ಲಾರಿ ಓಡಿಸುವವ. ಸಾಗಿಸಿದ ಕಬ್ಬನ್ನು ಸಾಲಾಗಿ ಜೋಡಿಸಿದರೆ ಚಂದ್ರನ ತನಕ ಹೋಗಿ, ಚಹಾ ಕುಡಿದು ಬರಬಹುದು. ಒಂದು ಕೋಳಿಗೂ ಗಾಲಿ ತಾಗಿಸಿಲ್ಲ. ಹುಟ್ಟಿನಿಂದ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ. ದೃಷ್ಟಿ ಮಾತ್ರ ಹದ್ದಿನದು. ಈ ಹಂಗಾಮಿಗೆ ಲಾರಿ ಕಂಪನಿಯವರು ಸ್ಟೇರಿಂಗಿನ ಎದುರು, ಚಾಲಕನ ಕಣ್ಣನ್ನೇ ಕಾಯುವ ಬುದ್ಧಿವಂತ ಕ್ಯಾಮೆರಾ ಕೂಡಿಸಿದರು. ಮೂರೇ ದಿನದಲ್ಲಿ ಅದು ನಲವತ್ತು ಸಲ ‘ಚಾಲಕ ನಿದ್ದೆಯಲ್ಲಿದ್ದಾನೆ’ ಎಂದು ವರದಿ ಕಳಿಸಿ ಅವನ ಕೆಲಸ ಕಿತ್ತುಕೊಂಡಿತು. ಯಾರೊಬ್ಬರೂ ಅವನ ಮುಖ ನೋಡಲಿಲ್ಲ.

ಬದುಕುವ ಹಕ್ಕು, ದುಡಿಯುವ ಹಕ್ಕು ಎಲ್ಲ ತುಂಬಿ ನಾಲ್ಕು ಪುಟದ ಅರ್ಜಿ ಬರೆದು, ಮೊಬೈಲಿನಲ್ಲಿ ಕಂಪನಿಗೆ ಕಳಿಸಿದೆ. ಬೆರಳು ತೆಗೆಯುವುದರೊಳಗೆ ಉತ್ತರ: ‘ಪರಿಶೀಲಿಸಿ ತಿರಸ್ಕರಿಸಲಾಗಿದೆ.’

“ಇದನ್ನೂ ಮಷೀನ ಓದೇತ್ರಿ ಕಾಕಾ,” ಎಂದ ಹಜರತಸಾಬ. “ನಡೀರಿ, ಮನಷ್ಯಾರನ್ನ ಹುಡುಕೂಣು.”

ಕಂಪನಿಯ ಅಂಗಳದಲ್ಲಿ ಮ್ಯಾನೇಜರ್ ಶೀತಲ ಮೇಡಮ್ ಸಿಕ್ಕರು.

“ಮೇಡಮ್ಮಾರ, ತಪ್ಪು ಮಾಡಿದ್ರ ತಗದ ಹಾಕ್ರಿ. ಆದ್ರ ಅದಕ್ಕೂ ಮದ್ಲ ಒಬ್ರರ ನನ್ನ ಮಾರಿ ನೋಡ್ರಿ, ನನ್ನ ಮಾತ ಕೇಳ್ರಿ. ಅಷ್ಟ ನನ್ನ ಹಕ್ಕು.”

“ಮಷೀನ್ ತಪ್ಪೂದಿಲ್ರಿ. ಬೇಕಾದ್ರ ಯಾರನ್ನರ ಕುಂದರ್ಸಿ ನೋಡ್ರಿ.”

ನಾನು ಟಣ್ಣನೆ ಲಾರಿ ಹತ್ತಿ ಸ್ಟೇರಿಂಗ್ ಹಿಡಿದೆ. ನಿಂತ ಲಾರಿ, ಮೆತ್ತನೆಯ ಸೀಟು, ಎಳೆ ಬಿಸಿಲು... ಮುಂದಿನದು ಬೇರೆಯವರು ಹೇಳಿದ್ದು. ಅಂಗಳದ ಹದಿನೆಂಟು ಲಾರಿಗಳ ಗಾಜು ನಡುಗುವ ಹಾಗೆ ನಾನು ಗೊರಕೆ ಹೊಡೆಯುತ್ತಿದ್ದೆನಂತೆ, ಕಣ್ಣು ಮಾತ್ರ ಅಗಲವಾಗಿ ತೆರೆದಿತ್ತಂತೆ! ಮೇಡಮ್ಮರ ಕೈಯ ಮೊಬೈಲಿನಲ್ಲಿ ಹಸಿರು ದೀಪ: ‘ಚಾಲಕ ಪೂರ್ಣ ಎಚ್ಚರ.’

ಮೇಡಮ್ ನಕ್ಕು ನಕ್ಕು ಕೂತುಬಿಟ್ಟರು. ಆಮೇಲೆ ನಗು ನಿಲ್ಲಿಸಿ, ಎದ್ದು ಬಂದು, ಹಜರತಸಾಬನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. ಅವನ ಮಾತು ಪೂರ್ತಿ ಕೇಳಿದರು. ಮನುಷ್ಯರು ವಿಚಾರಿಸದೆ ಇನ್ನು ಯಾರ ಕೆಲಸವನ್ನೂ ನಿಲ್ಲಿಸುವಂತಿಲ್ಲ ಎಂದು ಅಲ್ಲೇ ಬರೆದು, ಸಹಿ ಹಾಕಿ, ಲಾರಿಯ ಕೀಲಿ ಅವನ ಕೈಗಿಟ್ಟರು.

“ನೋಡಿದಿಲ್ಲೋ ನನ್ನ ಅರ್ಜೀ ತಾಕತ್ತ!” ಎಂದೆ.

ಹಜರತಸಾಬ ಲಾರಿ ಚಾಲೂ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ನಿಮ್ಮ ಅರ್ಜಿ ಒಬ್ರೂ ಓದ್ಲಿಲ್ರಿ ಕಾಕಾ. ಗೊರಕಿ ಮಾತ್ರ ಎಲ್ಲಾರೂ ಕೇಳ್ಯಾರ.”