ಹೊನ್ನೆ ಎಣ್ಣೆಯ ಮರಳು

ತಾರ್ಲೆ ಮೀನಿನ ಎಣ್ಣೆ ಕುಡಿದ ಮರಳು ಮೂರು ದಿನ ಬಿಸಿಲಿಗೆ ಒಣಗಿದರೂ ನಾರುತ್ತದೆ. ಕಾರವಾರದ ಬಂದರಿನಲ್ಲಿ ದೋಣಿಗಳಿಗೆ ಆ ಎಣ್ಣೆ ಬಳಿಯುವುದನ್ನು ಕಂಡಾಗಲೆಲ್ಲ ಅಮದಳ್ಳಿಯ ನಮ್ಮ ಮನೆಯ ಜಗುಲಿ, ಅಲ್ಲಿ ತಲೆ ತಗ್ಗಿಸಿ ಕೂತ ಅಜ್ಜ ನೆನಪಾಗುತ್ತಾರೆ.

ಮೂವತ್ತರ ದಶಕದಲ್ಲಿ ಕಾರವಾರದ ಸಾಹೇಬರು ಕಡಲ ಪಕ್ಕದ ಬಯಲಿನಲ್ಲಿ ಗಾಲ್ಫ್ ಆಡುತ್ತಿದ್ದರು. ಒಂಬತ್ತು ಕುಳಿ, ಪ್ರತಿ ಕುಳಿಯ ಸುತ್ತ ದುಂಡನೆಯ ಅಂಗಳ. ಮಳೆ ನಿಂತರೆ ಹುಲ್ಲು ಒಣಗುವ ನೆಲವಾದ್ದರಿಂದ ಆ ಅಂಗಳ ಮರಳಿನದು. ಗಾಳಿಗೆ ಹಾರದಂತೆ ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ, ಚೆಂಡು ತಡವರಿಸದೆ ಉರುಳುವಂತೆ ಮಾಡುವುದು ಅಜ್ಜನ ಕೆಲಸ. ಕೇದಗೆ ಪೊದೆ ಕಡಿದು ಆ ಬಯಲನ್ನು ಮೊದಲು ಹದ ಮಾಡಿದವರೂ ಅವರೇ. ದಿನವೂ ಬಿಣಗಾ ಊರು ದಾಟಿ ನಡೆದೇ ಹೋಗುತ್ತಿದ್ದರು. ಗದ್ದೆ ಸಮ ಮಾಡಿ ಪಳಗಿದ ಕಣ್ಣು. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರೆಂದರೆ ಬೆರಳ ದಪ್ಪದ ಉಬ್ಬೂ ಅಡಗುತ್ತಿರಲಿಲ್ಲ.

ಒಂದು ವರ್ಷ, ಸಾಹೇಬರ ಕ್ಲಬ್ಬಿನಿಂದ ಇದಕ್ಕೆಂದು ಬರುತ್ತಿದ್ದ ಮೋಟಾರಿನ ಹಳೆಯ ಎಣ್ಣೆ ಬರಲಿಲ್ಲ. ಅಜ್ಜ ದೋಣಿಯವರಿಂದ ತಾರ್ಲೆ ಎಣ್ಣೆ ತಂದು ಬೆರೆಸಿದರು. ಬೆಳಗಾಗುವಷ್ಟರಲ್ಲಿ ನರಿ, ನಾಯಿಗಳು ಒಂಬತ್ತೂ ಅಂಗಳಗಳನ್ನು ಕೆದರಿ ಹೊರಳಾಡಿದ್ದವು. ಶನಿವಾರ ಬೆಳಗಾವಿಯ ಆಟಗಾರರು ಬರುವವರಿದ್ದರು. ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಕಾರ್ಯದರ್ಶಿ ಸಾಹೇಬರು ಹೇಳಿಬಿಟ್ಟಿದ್ದರು.

“ನರಿಗೆ ಊಟ ಬಡಿಸಿ ಬಂದ್ರಿ. ಇನ್ನು ಎಲೆ ಎತ್ತೂದು ಯಾರು?” ಎಂದಳು ಅಜ್ಜಿ, ಜಗುಲಿಯಲ್ಲಿ ಕೂತ ಅಜ್ಜನಿಗೆ.

“ಮತ್ತೆಂತ ಹಾಕೂದು? ತುಪ್ಪ ಹಾಕ್ಲಾ?”

“ಹೊನ್ನೆ ಎಣ್ಣೆ ಹಾಕಿ. ಕಹಿಗೆ ನಾಯಿಯೂ ಮೂಸೂದಿಲ್ಲ. ನಮ್ಮ ಅಂಕೋಲೆ ಬದಿಗೆ ನೊಗಕ್ಕೆ, ಹಗ್ಗಕ್ಕೆ ಎಲ್ಲ ಅದೇ.”

“ನಿಮ್ಮ ಅಂಕೋಲೆಲಿ ಗಾಲ್ಫ್ ಆಡ್ತ್ರನೆ?”

“ಆಡೂದಿಲ್ಲ. ಅದ್ಕೇ ಬುದ್ಧಿ ನೆಟ್ಟಗದೆ.”

ಮಳೆಗಾಲದ ದೀಪಕ್ಕೆಂದು ಅವಳು ತವರಿನಿಂದ ತಂದಿಟ್ಟಿದ್ದ, ಹೊನ್ನೆ ಕಾಯಿಯ ಬೀಜದಿಂದ ತೆಗೆದ ಎರಡು ಭರಣಿ ಎಣ್ಣೆ ಹೊರಬಂತು. ನಾರುವ ಮರಳನ್ನು ಎತ್ತಿಹಾಕಿ, ಹೊಸ ಮರಳನ್ನು ಬಿಸಿಲಲ್ಲಿ ಕಾಯಿಸಿ, ಅವಲಕ್ಕಿ ಕಲಸಿದಂತೆ ಬೆರಳ ತುದಿಯಲ್ಲೇ ಕಲಸಬೇಕು, ಮೇಲಿನ ಪದರಕ್ಕಷ್ಟೇ ಹಾಸಬೇಕು ಎಂದು ತೋರಿಸಿಕೊಟ್ಟವಳೂ ಅವಳೇ.

ಶನಿವಾರ ಅಜ್ಜಿಯೂ ನಾನೂ ಬೇಲಿಯಾಚೆ ನಿಂತಿದ್ದೆವು. ಬೆಳಗಾವಿಯವರೊಬ್ಬರ ಚೆಂಡು ಅಂಗಳದ ಅಂಚಿನಿಂದ ಹೊರಟು ಗೆರೆ ಎಳೆದಂತೆ ಹೋಗಿ ಕುಳಿಗೆ ಬಿತ್ತು. ಅವರು ಬಗ್ಗಿ ಮರಳನ್ನು ಮುಟ್ಟಿ ಮೂಸಿದರು. ಯಾರು ಮಾಡಿದ್ದು ಎಂದು ಕೇಳಿರಬೇಕು. ಕಾರ್ಯದರ್ಶಿ ಅಜ್ಜನತ್ತ ಕೈ ತೋರಿದರು. ಅಜ್ಜ, ಅಷ್ಟು ಜನ ಸಾಹೇಬರ ಎದುರು, ತಿರುಗಿ ಬೇಲಿಯತ್ತ ಕೈ ತೋರಿದರು. ಅಜ್ಜಿ ಸೆರಗು ಸರಿಮಾಡಿಕೊಂಡಳು, ನಿಂತಲ್ಲಿಂದ ಕದಲಲಿಲ್ಲ.

ಮುಂದೆ ಸಾಹೇಬರು ದೇಶ ಬಿಟ್ಟು ಹೋದರು. ಅಜ್ಜ, ಅಜ್ಜಿ ಹೋದರು. ಆ ಮನೆಯೂ ಉಳಿಯಲಿಲ್ಲ. ಬಯಲಿನಲ್ಲಿ ಈಗ ಗಾಳಿಮರಗಳಿವೆ. ಧಾರವಾಡದಲ್ಲಿ ಓದುವಾಗ ಕ್ಲಬ್ಬಿನ ಇತಿಹಾಸದ ಕಿರುಪುಸ್ತಿಕೆಯೊಂದು ಕೈಗೆ ಬಂತು. ಗೆದ್ದವರ ಹೆಸರುಗಳ ನಡುವೆ, ಕಾರವಾರದ ಮರಳಿನ ಅಂಗಳಗಳಿಗೆ ಸಾಟಿಯಿಲ್ಲ ಎಂಬ ಒಂದು ಸಾಲಿತ್ತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ಹೆಸರಿಲ್ಲದಿದ್ದರೂ ಅದು ನಮ್ಮ ಮನೆಯ ಸಾಲು. ಓದುವ ನಿಮ್ಮ ಮನೆಗೂ ಅಂಥದೊಂದು ಎಲ್ಲಿಯಾದರೂ ಇದ್ದೀತು.

ಆ ಶನಿವಾರದ ಆಟ ಮುಗಿದಾಗ ಅಜ್ಜನ ಕೆಲಸ ಉಳಿದಿತ್ತು, ಭರಣಿಗಳು ಬರಿದಾಗಿದ್ದವು. ಮರುದಿನ ಬೆಳಿಗ್ಗೆ ಯಾರೂ ಹೇಳದೆ ನಾನು ಬುಟ್ಟಿ ಹಿಡಿದು ಕಡಲ ದಂಡೆಯ ಹೊನ್ನೆ ಮರಗಳ ಕೆಳಗೆ ಹೋದೆ. ಬಿಸಿಲೇರುವವರೆಗೂ ಬಿದ್ದ ಕಾಯಿಗಳನ್ನು ಹೆಕ್ಕಿದೆ.