ಮರಕುಟಿಗ ಸಾಹೇಬರ ಚಳಿಗಾಲ

ಟೈಲರಮ್ಮನ ಗಂಡ ರಿಟೈರಾದ ಮೇಲೆ ಮಾಡಿದ ಘನಕಾರ್ಯ ಎಂದರೆ ಹೆಂಡತಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದ ಕಿಟಕಿ ಕಿತ್ತುಕೊಂಡದ್ದು. ಜೀವಮಾನವಿಡೀ ರೈಲ್ವೆ ಟಿಕೆಟ್ ಕಿಂಡಿಯ ಹಿಂದೆ ಕೂತು "ಸಾಲಲ್ಲಿ ನಿಲ್ರೀ" ಎಂದು ಊರವರ ಮೇಲೆಲ್ಲ ಎಗರಾಡಿದ ಮಹಾನುಭಾವ. ಕಿಂಡಿಯಿಲ್ಲದೆ ಪಾಪ, ಕೈಕಾಲೇ ಆಡಲಿಲ್ಲ. ಚಳಿಗಾಲ ಬಂದು ಎಲೆ ಉದುರಿದ್ದೇ ತಡ, ಮನೆ ಮುಂದಿನ ತೋಟದ ಒಣಮರದ ಮೇಲೆ ಒಂದು ಮರಕುಟಿಗ ಅವನ ಕಣ್ಣಿಗೆ ಬಿತ್ತು. ಸರಿ, ದುರ್ಬೀನು ಬಂತು, ಕೊರಳಿಗೆ ಮಫ್ಲರ್ ಬಂತು, ನೆಂಟರಿಗೆಲ್ಲ ಫೋನ್ ಹೋಯಿತು.

"ನಿನ್ನ ಮಿಷನ್ ಸದ್ದಿಗೆ ಹಕ್ಕಿ ಹೆದರತ್ತೆ ಕಣೇ. ಅದನ್ನ ಹಿಂದಿನ ಉಗ್ರಾಣದಲ್ಲಿ ಇಟ್ಕೋ."

"ರೀ, ಅಲ್ಲಿ ಬೆಳಕೆಲ್ಲಿದೆ? ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹೇಗೆ ಕಾಣ್ಬೇಕು?"

"ಬಲ್ಬ್ ಇಲ್ವಾ?"

ಬಲ್ಬಂತೆ ಬಲ್ಬು! ಹಾಡಹಗಲಲ್ಲೇ ಅಂಗಿ ಗುಂಡಿ ಮೇಲೆ ಕೆಳಗೆ ಹಾಕಿಕೊಳ್ಳುವ ಆಸಾಮಿ ಇವಳಿಗೆ ಬೆಳಕಿನ ಪಾಠ ಹೇಳಬೇಕೇ? ಆದರೆ ಬೇಡ ಎಂದರೆ ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಾನೆ. ಆ ಮುಖ ನೋಡುವುದಕ್ಕಿಂತ ಉಗ್ರಾಣವೇ ವಾಸಿ ಎಂದು ಮಿಷನ್ ತಳ್ಳಿಕೊಂಡು ಹೋದಳು.

ಅಲ್ಲೇ ಆಗಬಾರದ್ದು ಆಯಿತು. ದೊಡ್ಡ ಹೋಟೆಲಿನ ಮ್ಯಾನೇಜರಮ್ಮ ಸಪ್ಲೈಯರುಗಳಿಗೆಲ್ಲ ಕರಿ ಕೋಟು ಹೊಲಿಸುವವಳಿದ್ದಳು. ಮಾದರಿಗೆಂದು ಮೊದಲು ಒಂದು ಕೋಟಿನ ಬಟ್ಟೆ ಕೊಟ್ಟಿದ್ದಳು. ಬಲ್ಬಿನ ಕೆಳಗೆ ಉಣ್ಣೆ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಥರ. ಹೊಲಿದ ಕೋಟನ್ನು ಅವಳು ಬಿಸಿಲಿಗೆ ಹಿಡಿದಾಗ ಒಂದು ತೋಳು ಮಂಕಾಗಿ ಕಂಡಿತು. ಒಳಮೈ ಹೊರಗೆ ಬಂದಿತ್ತು!

"ವಯಸ್ಸಾಯ್ತೇನೋ ಟೈಲರಮ್ಮ," ಎಂದಳು ಮ್ಯಾನೇಜರಮ್ಮ. "ಇದನ್ನ ಸರಿ ಮಾಡಿ ಕೊಡಿ. ಉಳಿದದ್ದು ಆಮೇಲೆ ನೋಡೋಣ."

ಟೈಲರಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊಲಿಗೆ ಕಲಿತ ಮೇಲೆ ಇಂಥ ಮಾತು ಕೇಳಿದ್ದೇ ಇಲ್ಲ. ಗಂಡನಿಗೆ ಹೇಳಿದರೆ ದುರ್ಬೀನು ಕೆಳಗಿಳಿಸದೆ, "ಹೋಗ್ಲಿ ಬಿಡೇ. ಇಲ್ಲಿ ನನ್ನ ಹಕ್ಕಿಯೇ ಪತ್ತೆಯಿಲ್ಲ" ಎಂದ.

ಹಾಳಾಗಿ ಹೋಗಲಿ ನಿಮ್ಮ ಹಕ್ಕಿ! ಅವಳು ತೋಳು ಬಿಚ್ಚಿ, ತಿರುಗಿಸಿ, ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ಮಿಷನ್ ತುಳಿದಳು. ಉಗ್ರಾಣದ ಪುಟ್ಟ ಕಿಟಕಿಯಾಚೆ, ಬಟ್ಟೆ ಒಣಗಿಸುವ ಮರದ ಕಂಬದಿಂದ "ಟರ್‌ರ್‌ರ್" ಎಂದು ಸದ್ದು ಬಂತು. ತುಳಿಯುವುದನ್ನು ನಿಲ್ಲಿಸಿದರೆ ಅದೂ ನಿಂತಿತು. ತುಳಿದಳು, ಮತ್ತೆ "ಟರ್‌ರ್‌ರ್". ಬಗ್ಗಿ ನೋಡಿದರೆ ಕೆಂಪು ಜುಟ್ಟಿನ ಮರಕುಟಿಗ ಮಿಷನ್ನಿಗೆ ಮಾರುತ್ತರ ಕೊಡುತ್ತಿದೆ! ಹೆದರುತ್ತದಂತೆ, ಬಂದುಬಿಟ್ಟರು ಹಕ್ಕಿ ಪಂಡಿತರು! ಹಕ್ಕಿ ಬರುತ್ತಿದ್ದದ್ದೇ ಈ ಸದ್ದಿಗೆ.

ಅವಳು ಹೋಗಿ ಗಂಡನ ಭುಜ ತಟ್ಟಿದಳು. "ರೀ, ನಿಮ್ಮ ಹಕ್ಕಿ ಹಿತ್ತಿಲ ಕಂಬಕ್ಕೆ ಬಂದಿದೆ. ಉಗ್ರಾಣದಲ್ಲಿ ಕೂತ್ಕೊಳ್ಳಿ, ನಾನು ಮಿಷನ್ ಇಲ್ಲಿಗೇ ತಂದ್ಕೋತೀನಿ."

ಅವನು ಓಡಿಹೋಗಿ ಇಣುಕಿದ. "ನಾನು ಹೇಳ್ಲಿಲ್ವಾ? ಅದಕ್ಕೆ ಏಕಾಂತ ಬೇಕು ಕಣೇ!" ಎಂದು ಕುರ್ಚಿ ಎತ್ತಿಕೊಂಡು ನಡೆದ.

ಹಗಲ ಬೆಳಕಿನಲ್ಲಿ ತೋಳು ಲಕ್ಷಣವಾಗಿ ಕೂತಿತು. ಮ್ಯಾನೇಜರಮ್ಮ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಉಳಿದ ಕೋಟುಗಳ ಬಟ್ಟೆಯನ್ನೂ ಇಳಿಸಿ ಹೋದಳು. ಟೈಲರಮ್ಮ ಮಿಷನ್ ತುಳಿದಳು. ಎದುರಿನ ಒಣಮರದಿಂದ "ಟರ್‌ರ್‌ರ್".

"ಮಿಷನ್ ನಿಲ್ಸೇ!" ಉಗ್ರಾಣದಿಂದ ಕೂಗು ಬಂತು. "ಎಲ್ಲೋ ಹಕ್ಕಿ ಕುಟ್ಟಿದ ಹಾಗಾಯ್ತು!"

"ನಿಮ್ಮ ಭ್ರಮೆ ರೀ. ಸುಮ್ನೆ ಕಂಬ ನೋಡ್ತಿರಿ."

ಚಳಿಯಲ್ಲಿ ಬೋಳು ಕಂಬಕ್ಕೆ ದುರ್ಬೀನು ಹಿಡಿದು ಕೂತವನನ್ನು ನೆನೆದು ಒಂದು ಗಳಿಗೆ ಅಯ್ಯೋ ಅನ್ನಿಸಿತು, ಸುಳ್ಳಲ್ಲ. ಒಂದು ಮಾತು ಕರೆದರೆ ಸಾಕು, ಬರುತ್ತಾನೆ. ಬಂದರೆ ಕಿಟಕಿಯನ್ನೂ ಕೇಳುತ್ತಾನೆ. ಕೋಟುಗಳೆಲ್ಲ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಅವಳು ಮುಂದಿನ ತೋಳಿನ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿದಳು.